ಹಾರುವ ಆಸೆಗೆ ಮೊದಲು ಬೀಳುವ ಪಾಠ

ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಿರುವಾಗ ಮಗನೋ ಮಗಳೋ 'ನಾನು ಪ್ಯಾರಾಚೂಟಿನಲ್ಲಿ ಹಾರಲು ಕಲಿಯುತ್ತೇನೆ' ಎಂದರೆ ನೀವೇನು ಹೇಳುತ್ತೀರಿ? ತಾಯಿ 'ಬೇಡವೇ ಬೇಡ' ಎನ್ನುತ್ತಾರೆ. ತಂದೆ ಖರ್ಚೆಷ್ಟು ಎಂದು ಕೇಳುತ್ತಾರೆ. ಅಜ್ಜಿ ದೇವರಿಗೆ ಕೈಮುಗಿಯುತ್ತಾರೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: 'ಇಳಿಯುವುದನ್ನು ಯಾರು ಕಲಿಸುತ್ತಾರೆ?'

ಏಕೆಂದರೆ ಈ ಕ್ರೀಡೆಯಲ್ಲಿ ದೇಹಕ್ಕೆ ಪೆಟ್ಟಾಗುವುದು ಬಹುಪಾಲು ಮೋಡಗಳ ನಡುವೆ ಅಲ್ಲ. ನೆಲ ಬಿಡುವಾಗ, ನೆಲ ಮುಟ್ಟುವಾಗ, ಕೆಲವೊಮ್ಮೆ ಹಾರುವುದಕ್ಕೂ ಮೊದಲೇ ಎಂಜಿನ್ ಚಾಲೂ ಮಾಡುವಾಗ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ದೋಣಿ ಅಥವಾ ಜೀಪು ಹಗ್ಗ ಕಟ್ಟಿ ಎಳೆಯುವುದು ಪ್ಯಾರಾಸೇಲಿಂಗ್. ಹಿಮಾಚಲದ ಬೀರ್-ಬಿಲ್ಲಿಂಗ್‌ನಂಥ ಕಡೆ ಬೆಟ್ಟದಿಂದ ಓಡಿ ಗಾಳಿಗೆ ಸೇರುವುದು ಪ್ಯಾರಾಗ್ಲೈಡಿಂಗ್. ಬೆನ್ನಿಗೆ ಫ್ಯಾನಿನಂಥ ಎಂಜಿನ್ ಕಟ್ಟಿಕೊಂಡರೆ ಅದು ಪ್ಯಾರಾಮೋಟರ್. ಮೂರು ಚಕ್ರದ ಪುಟ್ಟ ಗಾಡಿಯ ಹಿಂದೆ ಎಂಜಿನ್, ಮೇಲೆ ದೊಡ್ಡ ಪ್ಯಾರಾಚೂಟ್ ಇದ್ದರೆ ಪವರ್ಡ್ ಪ್ಯಾರಾಚೂಟ್. ಇನ್ನು ಎತ್ತರಕ್ಕೆ ಹೋಗಿ ಹೊರಕ್ಕೆ ಜಿಗಿದು, ಆಮೇಲೆ ಪ್ಯಾರಾಚೂಟ್ ಬಿಚ್ಚುವುದು ಸ್ಕೈಡೈವಿಂಗ್. ಜಿಗಿಯಲು ವಿಮಾನವೇ ಬೇಕೆಂದಿಲ್ಲ. ಬಲೂನಿನಿಂದಲೂ ಜಿಗಿಯುತ್ತಾರೆ, ಪವರ್ಡ್ ಪ್ಯಾರಾಚೂಟಿನಿಂದಲೂ ಜಿಗಿಯುತ್ತಾರೆ.

ಈ ಪ್ಯಾರಾಚೂಟ್ ಹಳೆಯ ಸಿನಿಮಾಗಳಲ್ಲಿ ಕಾಣುವ ಕೊಡೆಯಂಥದ್ದಲ್ಲ. ಒಂದರ ಪಕ್ಕ ಒಂದು ದಿಂಬಿನ ಚೀಲಗಳನ್ನು ಹೊಲಿದು, ಮುಂದಿನ ಬಾಯಿ ತೆರೆದಿಟ್ಟಂತೆ ಇರುತ್ತದೆ. ಮುಂದೆ ಚಲಿಸಿದಾಗ ಗಾಳಿ ಒಳನುಗ್ಗಿ ಬಟ್ಟೆಯೇ ವಿಮಾನದ ರೆಕ್ಕೆಯಾಗುತ್ತದೆ. ಡೊಮಿನಾ ಜಾಲ್ಬರ್ಟ್ ಎಂಬಾತ 1964ರಲ್ಲಿ ಇದನ್ನು ರೂಪಿಸಿದ. ಇದಕ್ಕೆ ಗಾಡಿ, ಎಂಜಿನ್ ಸೇರಿಸಿದ 'ಪ್ಯಾರಾಪ್ಲೇನ್' 1983ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು.

ಚಾಲನೆ ಬಹಳ ಸರಳ. ಎಂಜಿನ್ನಿಗೆ ಹೆಚ್ಚು ಇಂಧನ ಕೊಟ್ಟರೆ ಮೇಲೇರುತ್ತದೆ, ಕಡಿಮೆ ಮಾಡಿದರೆ ಇಳಿಯುತ್ತದೆ. ವೇಗ ಮಾತ್ರ ಗಂಟೆಗೆ ಸುಮಾರು 45-50 ಕಿಲೋಮೀಟರಿನ ಆಸುಪಾಸಿನಲ್ಲೇ ಇರುತ್ತದೆ. ಎಂಜಿನ್ ನಿಂತರೂ ಕಲ್ಲಿನಂತೆ ಬೀಳುವುದಿಲ್ಲ, ತೇಲುತ್ತ ಇಳಿಯುತ್ತದೆ. ಈ ಸರಳತೆಯೇ ಮೋಸ. ಸ್ಕೂಟರಿಗಿಂತ ಸುಲಭ ಎಂದುಕೊಂಡವನು ಗಾಳಿಯನ್ನು ಮರೆಯುತ್ತಾನೆ. ಗಾಡಿಯ ವೇಗವೇ 45 ಇರುವಾಗ ಎದುರುಗಾಳಿ 45ಕ್ಕೆ ಬೀಸಿದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಅದಕ್ಕೂ ಹೆಚ್ಚಾದರೆ ಹಿಂದಕ್ಕೇ ಹೋಗುತ್ತದೆ! ಹಾಗಾಗಿಯೇ ಬಲ್ಲವರು ಬೆಳಗಿನ ಮೊದಲ ಒಂದೆರಡು ಗಂಟೆ ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಶಾಂತ ವೇಳೆಯಲ್ಲಿ ಮಾತ್ರ ಹಾರುತ್ತಾರೆ. ಮಧ್ಯಾಹ್ನ ಕಾದ ನೆಲದಿಂದ ಏಳುವ ಬಿಸಿಗಾಳಿ ರೆಕ್ಕೆಯನ್ನು ಅಲುಗಾಡಿಸುತ್ತದೆ. 'ಇಷ್ಟು ದೂರ ಬಂದಿದ್ದೇವೆ, ಒಂದು ಸುತ್ತು ಹಾಕಿಬಿಡಿ' ಎಂದು ತರಬೇತುದಾರನನ್ನು ಒತ್ತಾಯಿಸುವ ಪ್ರವಾಸಿಗರು ಇದನ್ನು ತಿಳಿದಿರಬೇಕು. 'ಇಂದು ಗಾಳಿ ಸರಿಯಿಲ್ಲ' ಎಂದು ನಿಮ್ಮ ಹಣ ವಾಪಸು ಕೊಡುವವನೇ ನಂಬಿಕೆಗೆ ಯೋಗ್ಯ.

ಅಮೆರಿಕದಲ್ಲಿ ಎಂಜಿನ್ ಸಮೇತ ಸುಮಾರು 115 ಕಿಲೋಗ್ರಾಂ ಒಳಗಿನ, ಒಬ್ಬರೇ ಕೂರುವ ಇಂಥ ಹಗುರ ಯಂತ್ರ ಹಾರಿಸಲು ಪರವಾನಗಿಯೂ ಬೇಡ, ವೈದ್ಯಕೀಯ ಪರೀಕ್ಷೆಯೂ ಬೇಡ. ಇಬ್ಬರು ಕೂರುವ ಗಾಡಿಗೆ ಮಾತ್ರ ಪರವಾನಗಿ ಬೇಕು. ಅದಕ್ಕೆ ಕನಿಷ್ಠ 12 ಗಂಟೆಗಳ ಹಾರಾಟ: 10 ಗಂಟೆ ಶಿಕ್ಷಕರ ಜೊತೆ, 2 ಗಂಟೆ ಒಂಟಿಯಾಗಿ. ಕಾನೂನು ಕೇಳದಿದ್ದರೂ ಒಬ್ಬರೇ ಹಾರುವವರಿಗೂ ಇಷ್ಟು ಪಾಠ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಕಾನೂನು ಬಿಟ್ಟರೂ ಮೂಳೆ ಬಿಡುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಯಂತ್ರಗಳ ಹಾರಾಟ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಿಗೆ ಒಳಪಟ್ಟಿದೆ. ಕಡಲತೀರದಲ್ಲಿ ಹಾರಿಸುವವರ ಬಳಿ ಅನುಮತಿ ಪತ್ರ ಕೇಳಿ ನೋಡುವುದಕ್ಕೆ ಸಂಕೋಚ ಬೇಡ.

ಪೆಟ್ಟು ಎಲ್ಲಿ ಬೀಳುತ್ತದೆ?

ಪ್ಯಾರಾಮೋಟರ್ ಅಪಘಾತಗಳ ಬಗ್ಗೆ 2014ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 1995ರಿಂದ 2012ರವರೆಗೆ ಅಮೆರಿಕದ ಹಾರಾಟಗಾರರ ಸಂಘಕ್ಕೆ ವರದಿಯಾದ 384 ಘಟನೆಗಳನ್ನು ಅದು ಪರಿಶೀಲಿಸಿತು. ಗಾಯಗಳ ಪೈಕಿ ಮೊದಲ ಸ್ಥಾನ ಕೈಗೆ, ಶೇಕಡಾ 44.5. ಎರಡನೆಯದು ಕಾಲಿಗೆ, ಶೇಕಡಾ 32. ಬೆನ್ನಿನ ಗಾಯ ಶೇಕಡಾ 10ರ ಹತ್ತಿರ. ಒಂಬತ್ತು ಮಂದಿ ಸತ್ತಿದ್ದರು.

ಹಾರುವ ಆಟದಲ್ಲಿ ಕೈಗೆ ಏಕೆ ಇಷ್ಟು ಪೆಟ್ಟು? ಕಾರಣ ಹಿಂದೆ ಗಿರಗಿರನೆ ತಿರುಗುವ ಪಂಖ. ನೆಲದ ಮೇಲೆ ನಿಂತು ಎಂಜಿನ್ ಚಾಲೂ ಮಾಡುವಾಗ ಅದು ಹಠಾತ್ತನೆ ಪೂರ್ಣ ವೇಗ ಹಿಡಿದರೆ, ತಡೆಯಲು ಹೋದ ಕೈ ಒಳಗೆ ಸಿಕ್ಕಿಕೊಳ್ಳುತ್ತದೆ. ಬೆರಳುಗಳು ಹೋಗುತ್ತವೆ. ಆದ್ದರಿಂದ ಎಂಜಿನ್ ಚಾಲೂ ಆಗುವ ಮೊದಲೇ ಮಕ್ಕಳು, ನಾಯಿ, ಫೋಟೋ ತೆಗೆಯುವ ನೆಂಟರು ಎಲ್ಲರೂ ಪಂಖದ ಹಿಂಭಾಗದಿಂದಲೂ ಪಕ್ಕದಿಂದಲೂ ದೂರ ಸರಿಯಬೇಕು. ಸೆರಗು, ದುಪಟ್ಟಾ, ಬಿಚ್ಚಿದ ಜಡೆ, ಸಡಿಲ ಶಾಲು ಯಾವುದೂ ಕೂಡದು.

ಗಾಡಿಯಲ್ಲಿ ಹೊರಡುವಾಗ ಇನ್ನೊಂದು ಅಪಾಯ. ರೆಕ್ಕೆ ತಲೆಯ ಮೇಲೆ ನೇರವಾಗಿ ನಿಂತು, ಅದರ ಎಲ್ಲ ಚೀಲಗಳಲ್ಲೂ ಗಾಳಿ ತುಂಬಿ, ಹಗ್ಗಗಳು ಸಿಕ್ಕಾಗಿಲ್ಲವೆಂದು ಕತ್ತೆತ್ತಿ ನೋಡಿದ ಮೇಲೆಯೇ ಪೂರ್ಣ ವೇಗ ಕೊಡಬೇಕು. ಆತುರಪಟ್ಟರೆ ರೆಕ್ಕೆ ಒಂದು ಪಕ್ಕಕ್ಕೆ ವಾಲಿ ಗಾಡಿಯನ್ನೇ ಮಗುಚುತ್ತದೆ. ಮಗುಚಿದಾಗ ನೆಲಕ್ಕೆ ಕೈ ಊರುವುದು ಮನುಷ್ಯನ ಸಹಜ ಪ್ರವೃತ್ತಿ. ಮಣಿಕಟ್ಟು ಮುರಿಯುವುದು ಹೀಗೆ. ಸೀಟಿನ ಪಟ್ಟಿ ಬಿಗಿದು, ಕೈಗಳನ್ನು ಒಳಗೇ ಇಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಬೇಕು.

ಬೀಳುವುದೂ ಒಂದು ವಿದ್ಯೆ

ಪ್ಯಾರಾಗ್ಲೈಡರುಗಳು ಇಟ್ಟುಕೊಳ್ಳುವ ತುರ್ತು ಪ್ಯಾರಾಚೂಟ್ ಸೆಕೆಂಡಿಗೆ ಐದೂವರೆ ಮೀಟರಿಗಿಂತ ವೇಗವಾಗಿ ಇಳಿಯಬಾರದೆಂದು ಯುರೋಪಿನ ಮಾನದಂಡ ಹೇಳುತ್ತದೆ. ಲೆಕ್ಕ ಹಾಕಿದರೆ ಇದು ಐದಡಿ ಎತ್ತರದ ಕಾಂಪೌಂಡ್ ಗೋಡೆಯಿಂದ ಧುಮುಕಿದಷ್ಟೇ ಆಯಿತು. ಇಪ್ಪತ್ತರ ಹುಡುಗ ಇದನ್ನು ನಗುತ್ತ ಮಾಡುತ್ತಾನೆ. ಆದರೆ ಕಾಲನ್ನು ಕೋಲಿನಂತೆ ಬಿಗಿಮಾಡಿ ಧುಮುಕಿದರೆ? ಪೆಟ್ಟು ಹಿಮ್ಮಡಿಯಿಂದ ಮೊಣಕಾಲಿಗೆ, ಅಲ್ಲಿಂದ ಸೊಂಟಕ್ಕೆ, ಅಲ್ಲಿಂದ ಬೆನ್ನುಮೂಳೆಗೆ ಏರುತ್ತದೆ. ಪಕ್ಕೆಲುಬುಗಳ ಆಸರೆಯಿರುವ ಬೆನ್ನಿನ ಭಾಗ ಅಷ್ಟಾಗಿ ಬಾಗುವುದಿಲ್ಲ, ಸೊಂಟದ ಭಾಗ ಬಾಗುತ್ತದೆ. ಇವೆರಡೂ ಸೇರುವ ಜಾಗದಲ್ಲಿರುವ ಮೂಳೆಯೇ ಹೆಚ್ಚಾಗಿ ಜಜ್ಜಿಹೋಗುತ್ತದೆ. ಕುಳಿತ ಭಂಗಿಯಲ್ಲೇ ಕುಂಡೆ ಊರಿ ಇಳಿದರೆ ಕಾಲುಗಳ ಸಹಾಯವೂ ಇಲ್ಲದೆ ಪೂರ್ತಿ ಪೆಟ್ಟು ಬೆನ್ನಿಗೇ ಬೀಳುತ್ತದೆ.

ಸೈನ್ಯದವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ನಮ್ಮ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಆದರೆ ಜಿಗಿತದ ಪಾಠ ನಡೆಯುವುದು ಆಗ್ರಾದ ವಾಯುಪಡೆಯ ಶಾಲೆಯಲ್ಲಿ. ಅಲ್ಲಿ ವಿಮಾನ ಹತ್ತುವ ಮೊದಲು ಯೋಧರು ನೆಲದ ಮೇಲೆ ಬೀಳುವುದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ. ಪಾದಗಳೆರಡೂ ಜೋಡಿ, ಮೊಣಕಾಲು ಸ್ವಲ್ಪ ಬಾಗಿ, ಗದ್ದ ಎದೆಗೆ ತಾಗಿರಬೇಕು. ನೆಲಕ್ಕೆ ಮೊದಲು ಪಾದದ ಮುಂಭಾಗ, ನಂತರ ಮೀನಖಂಡದ ಪಕ್ಕ, ತೊಡೆಯ ಪಕ್ಕ, ಪೃಷ್ಠ, ಕೊನೆಗೆ ಬೆನ್ನಿನ ಓರೆ. ಹೀಗೆ ಉರುಳುತ್ತ ಮಲಗಿದಾಗ ಪೆಟ್ಟು ಒಂದೇ ಕಡೆ ಬೀಳದೆ ಐದು ಕಡೆ ಹಂಚಿಹೋಗುತ್ತದೆ. ಮಗ್ಗಿ ಬಾಯಿಪಾಠವಾದಂತೆ ಇದು ಮೈಗೆ ಪಾಠವಾಗಬೇಕು, ಏಕೆಂದರೆ ನೆಲ ಮೇಲೆದ್ದು ಬರುವಂತೆ ಕಾಣುವ ಹೊತ್ತಿನಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಮೊದಲ ದಿನವೇ ಎಂಜಿನ್ ಚಾಲೂ ಮಾಡಿಸುವ ಶಾಲೆಗಿಂತ, ಮೊದಲ ದಿನವೆಲ್ಲ ಮರಳಿನಲ್ಲಿ ಉರುಳಾಡಿಸುವ ಶಾಲೆ ಮೇಲು. ಕಣಕಾಲು ಮುಚ್ಚುವ ಬೂಟು ಮತ್ತು ಹೆಲ್ಮೆಟ್ ಇಲ್ಲದೆ, ಚಪ್ಪಲಿಯಲ್ಲಿ ಹಾರಿಸುವವರ ಹತ್ತಿರ ಹೋಗಲೇಬೇಡಿ.

ನೀರಿನ ಮೇಲೆ ಬಿದ್ದರೆ ಪೆಟ್ಟಾಗುವುದಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು ಮಾತ್ರವಲ್ಲ, ಪ್ರಾಣಾಂತಕ. 2020ರ ಅಕ್ಟೋಬರ್ 2ರಂದು ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಇಬ್ಬರಿದ್ದ ಪ್ಯಾರಾಮೋಟರ್ ಸಮುದ್ರಕ್ಕೆ ಬಿತ್ತು. ನೌಕಾಪಡೆಯ ಅಧಿಕಾರಿಯೊಬ್ಬರು ಸಾವಿಗೀಡಾದರು. ನೀರಿನಲ್ಲಿ ಬಿದ್ದಾಗ ಎಂಜಿನ್ನಿನ ಭಾರ ಕೆಳಕ್ಕೆ ಎಳೆಯುತ್ತದೆ, ಪಟ್ಟಿಗಳು ಬಿಚ್ಚಲು ಬರುವುದಿಲ್ಲ, ಹಗ್ಗಗಳು ಕೈಕಾಲಿಗೆ ಸುತ್ತಿಕೊಳ್ಳುತ್ತವೆ. ಚೆನ್ನಾಗಿ ಈಜು ಬಲ್ಲವರೂ ಇದರಲ್ಲಿ ಮುಳುಗುತ್ತಾರೆ. ಕಡಲತೀರದಲ್ಲಿ ಹಾರುವವರಿಗೆ ನೀರಿನಲ್ಲಿ ತಾನಾಗಿ ಉಬ್ಬುವ ತೇಲುಪಟ್ಟಿ ಇರಬೇಕು, ದಡದಲ್ಲಿ ದೋಣಿ ಸಿದ್ಧವಿರಬೇಕು. ಪಟ್ಟಿ ಬಿಚ್ಚುವುದನ್ನು ನೆಲದ ಮೇಲೆ ಕಣ್ಣುಮುಚ್ಚಿ ಅಭ್ಯಾಸ ಮಾಡಿರಬೇಕು.

ಗಾಡಿಯಿಂದ ಜಿಗಿಯುವವರಿಗೆ

ಸ್ಕೈಡೈವಿಂಗ್ ಜನ ತಿಳಿದಷ್ಟು ಮೃತ್ಯುಕೂಪವಲ್ಲ. ಅಮೆರಿಕದಲ್ಲಿ 2023ರಲ್ಲಿ ಸುಮಾರು 36 ಲಕ್ಷ 50 ಸಾವಿರ ಜಿಗಿತಗಳು ನಡೆದು 10 ಮಂದಿ ಸತ್ತರು. ಆದರೆ ಈ ಅಂಕಿಯ ಹಿಂದೆ ಕಟ್ಟುನಿಟ್ಟಿನ ನಿಯಮಗಳಿವೆ. ಅಲ್ಲಿ ಮೊದಲ ದರ್ಜೆಯ ಪರವಾನಗಿಗೇ 25 ಜಿಗಿತಗಳಾಗಿರಬೇಕು. ಕಲಿಯುವವರು ನೆಲದಿಂದ 3,000 ಅಡಿಗಿಂತ ಕೆಳಗೆ ಬರುವ ಮೊದಲೇ ಪ್ಯಾರಾಚೂಟ್ ಬಿಚ್ಚಬೇಕು. ಗಂಟೆಗೆ 190 ಕಿಲೋಮೀಟರ್ ವೇಗದಲ್ಲಿ ಬೀಳುವವನಿಗೆ ಆ 3,000 ಅಡಿ ಕೇವಲ ಹದಿನೇಳು ಸೆಕೆಂಡು.

ಪವರ್ಡ್ ಪ್ಯಾರಾಚೂಟಿನಿಂದ ಜಿಗಿಯುವುದರಲ್ಲಿ ಮೂರು ವಿಶೇಷ ತೊಡಕುಗಳಿವೆ. ವಿಮಾನದಿಂದ ಹೊರಬಿದ್ದ ಕೂಡಲೇ ಎದುರುಗಾಳಿ ಜೋರಾಗಿ ಬಡಿಯುತ್ತದೆ, ಅದನ್ನು ಆನಿಸಿಕೊಂಡು ಮೈ ಸಮತೋಲನ ಪಡೆಯುತ್ತದೆ. ನಿಧಾನ ಗಾಡಿಯಿಂದ ಜಿಗಿದಾಗ ಮೊದಲ ಕೆಲವು ಸೆಕೆಂಡು ಆನಿಸಿಕೊಳ್ಳಲು ಗಾಳಿಯೇ ಸಾಲದು, ಬಾವಿಗೆ ಬಿದ್ದಂತೆ ಹೊಟ್ಟೆ ಮೇಲೆ ಬರುತ್ತದೆ. ಆಗ ಕೈಕಾಲು ಬಡಿದರೆ ಮೈ ಉರುಳುತ್ತದೆ. ಎದೆ ಮುಂದೆ ಚಾಚಿ, ಬಿಲ್ಲಿನಂತೆ ಬಾಗಿ, ಅಲುಗದೆ ಕಾಯಬೇಕು. ಎರಡನೆಯದು ಪಂಖ. ಅದು ಸೀಟಿನ ಬೆನ್ನಿಗೇ ಇರುವುದರಿಂದ ಸಡಿಲವಾದ ಒಂದು ಪಟ್ಟಿಯೂ ಹೊರಗೆ ತೂಗಾಡಬಾರದು. ಜಿಗಿಯುವವನ ಪ್ಯಾರಾಚೂಟ್ ಗಾಡಿಯಲ್ಲೇ ಬಿಚ್ಚಿಕೊಂಡರೆ ಇಬ್ಬರಿಗೂ ಗಂಡಾಂತರ. ಮೂರನೆಯದು, ಎಂಬತ್ತು ಕಿಲೋ ಭಾರ ಒಮ್ಮೆಲೇ ಇಳಿದಾಗ ಗಾಡಿ ಜಿಗಿದು ವಾಲುತ್ತದೆ. ಚಾಲಕ ಮೊದಲೇ ಸಿದ್ಧನಾಗಿರಬೇಕು. ಇದು ಹೊಸಬರ ಆಟವಲ್ಲ. ವಿಮಾನದಿಂದ ಜಿಗಿದು ಪಳಗಿದವರು, ಪಳಗಿದ ಚಾಲಕನ ಜೊತೆ ಮಾತ್ರ ಮಾಡಬೇಕಾದದ್ದು. ಗಾಡಿ ನಿಧಾನವಾಗಿ ಏರುತ್ತದೆಂದು ಬೇಸರಪಟ್ಟು 'ಇಷ್ಟು ಸಾಕು' ಎಂದು ಕಡಿಮೆ ಎತ್ತರದಿಂದ ಜಿಗಿಯುವುದಂತೂ ಕೂಡದು.

ಯಾರು ಹಾರಬಾರದು?

ಮೂರ್ಛೆರೋಗ, ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಹಾರುವುದು ಬೇಡ. ಬೆನ್ನಿನ ಡಿಸ್ಕ್ ತೊಂದರೆ ಇರುವವರು, ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾದ ಮಹಿಳೆಯರು ಪ್ರವಾಸದ ಹುರುಪಿನಲ್ಲಿ ಇನ್ನೊಬ್ಬರ ಜೊತೆ ಕಟ್ಟಿಕೊಂಡು ಹಾರಲು ಒಪ್ಪಿಬಿಡುತ್ತಾರೆ. ಅವರಿಗೆ ಇಳಿಯುವಾಗಿನ ಒಂದು ಸಾಧಾರಣ ಪೆಟ್ಟೂ ದುಬಾರಿಯಾದೀತು. ಒಮ್ಮೆ ಭುಜದ ಕೀಲು ತಪ್ಪಿದವರು ಜಿಗಿಯುವ ಯೋಚನೆ ಬಿಡಬೇಕು. ಗಾಳಿಯ ಹೊಡೆತಕ್ಕೆ ಅದು ಮತ್ತೆ ತಪ್ಪಿದರೆ ಹಿಡಿ ಎಳೆಯಲು ಕೈ ಬರುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮೇಲೆ ಸಕ್ಕರೆ ಅಂಶ ಕುಸಿದರೆ ಸಹಾಯಕ್ಕೆ ಯಾರೂ ಇರುವುದಿಲ್ಲ, ವೈದ್ಯರನ್ನು ಕೇಳದೆ ಹೊರಡಬಾರದು.

ನೆಗಡಿಯಿದ್ದಾಗ ಎತ್ತರದಿಂದ ಬೇಗ ಇಳಿದರೆ ಕಿವಿಯೊಳಗೆ ಒತ್ತಡ ಸರಿಹೊಂದದೆ ವಿಪರೀತ ನೋವು ಬರುತ್ತದೆ, ತಮಟೆ ಹರಿಯಲೂಬಹುದು. ನೆಗಡಿಯ ಮಾತ್ರೆ ನುಂಗಿ ಹೋದರೆ ತೂಕಡಿಕೆ. ಆ ದಿನ ಬಿಟ್ಟುಬಿಡುವುದೇ ಮದ್ದು. ಮುರ್ಡೇಶ್ವರಕ್ಕೆ ಹೋದವರು ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುವುದುಂಟು. ಆಳಕ್ಕೆ ಮುಳುಗಿ ಬಂದವರು ವಿಮಾನ ಹತ್ತಲು, ಎತ್ತರದಿಂದ ಜಿಗಿಯಲು ಒಂದೇ ಮುಳುಗಾದರೆ ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದ್ದರೆ 18 ಗಂಟೆ ಕಾಯಬೇಕು. ಇಲ್ಲವಾದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಕೀಲುಗಳನ್ನೂ ನರಗಳನ್ನೂ ಕಾಡುತ್ತದೆ.

ಹಾರುವ ದಿನ ಉಪವಾಸ ಬೇಡ. ವಾಂತಿಯಾದೀತೆಂದು ಖಾಲಿ ಹೊಟ್ಟೆಯಲ್ಲಿ ಹೋದವರಿಗೇ ತಲೆಸುತ್ತು ಹೆಚ್ಚು. ಎರಡು ಇಡ್ಲಿ, ಒಂದು ಲೋಟ ನೀರು ಸಾಕು. ಹಿಂದಿನ ರಾತ್ರಿಯ ಮದ್ಯಪಾನ, ನಿದ್ದೆಗೇಡು ಎರಡೂ ಬೇಡ.

ಪೆಟ್ಟಾದಾಗ

ಇಳಿಯುವಾಗ ಬಿದ್ದವರನ್ನು ಕೂಡಲೇ ಕೈಹಿಡಿದು ಎಬ್ಬಿಸಿ ಕೂರಿಸುವುದು ನಮ್ಮ ಜನರ ಅಭ್ಯಾಸ. ಬೆನ್ನು ಅಥವಾ ಕುತ್ತಿಗೆ ನೋಯುತ್ತಿದ್ದರೆ, ಕಾಲು ಜೋಮು ಹಿಡಿದಿದ್ದರೆ ಅಲುಗಿಸಬೇಡಿ. ಎಂಜಿನ್ ನಿಲ್ಲಿಸಿ, ಗಾಳಿಗೆ ಮತ್ತೆ ಎಳೆಯದಂತೆ ಪ್ಯಾರಾಚೂಟನ್ನು ಮುದುರಿ, ಗಾಯಾಳುವನ್ನು ಮಲಗಿದಂತೆಯೇ ಇರಗೊಟ್ಟು 108ಕ್ಕೆ ಫೋನ್ ಮಾಡಿ. ಇಬ್ಬರು ಕೈಕಾಲು ಹಿಡಿದು ಜೀಪಿಗೆ ಹಾಕಿದರೆ ಮುರಿದ ಮೂಳೆ ಬೆನ್ನುಹುರಿಯನ್ನು ಕತ್ತರಿಸಿ ಜೀವಮಾನದ ಪಾರ್ಶ್ವವಾಯು ತರಬಹುದು. ಹಿಮ್ಮಡಿಯ ಮೂಳೆ ಮುರಿದಿದ್ದರೆ ಬೆನ್ನಿಗೂ ಎಕ್ಸ್‌ರೇ ತೆಗೆಸಬೇಕೇ ಎಂದು ವೈದ್ಯರನ್ನು ಕೇಳಿ. ಎತ್ತರದಿಂದ ಬಿದ್ದವರಲ್ಲಿ ಇವೆರಡೂ ಒಟ್ಟಿಗೆ ಬರುವುದುಂಟು, ಕಾಲಿನ ನೋವಿನಲ್ಲಿ ಬೆನ್ನಿನದು ಮರೆತುಹೋಗುತ್ತದೆ.

ಪಂಖದಿಂದ ಕೈ ಕತ್ತರಿಸಿದರೆ ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಅರಿಶಿನ, ಕಾಫಿಪುಡಿ ಹಾಕಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ಹುಡುಕಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಡಿ. ಬೆರಳನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಿದರೆ ಜೀವಕೋಶಗಳು ಸತ್ತು ಮತ್ತೆ ಜೋಡಿಸಲು ಬಾರದಂತಾಗುತ್ತದೆ. ಆಸ್ಪತ್ರೆಗೆ ಫೋನ್ ಮಾಡುವಾಗಲೇ ಬೆರಳು ಜೊತೆಯಲ್ಲಿ ತರುತ್ತಿದ್ದೇವೆಂದು ತಿಳಿಸಿ.