ವಿಜ್ಞಾನಕ್ಕೆ ಆರನೇ ತರಗತಿವರೆಗೆ ಕಾಯಬೇಕೆ?

ನಮ್ಮ ಸರ್ಕಾರಿ ಶಾಲೆಗಳಲ್ಲಿ ‘ವಿಜ್ಞಾನ’ ಎಂಬ ಹೆಸರಿನ ಪುಸ್ತಕ ಮಗುವಿನ ಕೈಗೆ ಬರುವುದು ಆರನೇ ತರಗತಿಯಲ್ಲಿ. ಅದಕ್ಕೂ ಮುಂಚಿನ ಐದು ವರ್ಷ ಅದು ‘ಪರಿಸರ ಅಧ್ಯಯನ’ದೊಳಗೇ ಸೇರಿಕೊಂಡಿರುತ್ತದೆ. ಕುಟುಂಬ, ಊರು, ಪಂಚಾಯಿತಿಗಳ ಪಕ್ಕದಲ್ಲೇ ಬೀಜ, ನೀರು, ಗಾಳಿ, ಹಕ್ಕಿ. ಹೀಗೆ ಬೆರೆಸಿದ್ದು ತಪ್ಪಲ್ಲ. ಎಂಟು ವರ್ಷದ ಮಗುವಿಗೆ ಊರಿನ ಕೆರೆ ಒಂದೇ. ವಿಜ್ಞಾನದ ಕೆರೆ ಬೇರೆ, ಸಮಾಜದ ಕೆರೆ ಬೇರೆ ಅಂತ ಇರುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಆಶಯವೂ ಇದೇ. ತೊಂದರೆ ಇರುವುದು ದೊಡ್ಡವರ ಲೆಕ್ಕಾಚಾರದಲ್ಲಿ. ಪುಸ್ತಕದ ಮೇಲೆ ಹೆಸರಿಲ್ಲವಲ್ಲ, ಹಾಗಾಗಿ ವಿಜ್ಞಾನ ಇನ್ನೂ ಶುರುವಾಗಿಲ್ಲ ಅಂದುಕೊಳ್ಳುತ್ತೇವೆ. ಪ್ರಶ್ನೋತ್ತರ ಬರೆಸುತ್ತೇವೆ, ಬಾಯಿಪಾಠ ಮಾಡಿಸುತ್ತೇವೆ, ಪ್ರಯೋಗಗಳೆಲ್ಲ ಹೈಸ್ಕೂಲಿಗೆ ಹೋದ ಮೇಲೆ ಅನ್ನುತ್ತೇವೆ.

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪಾಠ ಹೇಳುವವಳು ನಾನು. ಮಕ್ಕಳಿಗೆ ನಾನು ‘ಅಕ್ಕೋರು’. ನನ್ನ ತಕರಾರು ಇಷ್ಟೇ: ಹೈಸ್ಕೂಲು ಮುಟ್ಟುವಷ್ಟರಲ್ಲಿ ಬಹಳಷ್ಟು ಮಕ್ಕಳು ಪ್ರಶ್ನೆ ಕೇಳುವುದನ್ನೇ ಬಿಟ್ಟಿರುತ್ತಾರೆ. ಹಲ್ಲಿ ಮಾಡಿಗೆ ತಲೆಕೆಳಗಾಗಿ ಅಂಟಿಕೊಂಡರೂ ಯಾಕೆ ಬೀಳಂಗಿಲ್ಲ ಎಂದು ಎಂಟರ ವಯಸ್ಸಿನಲ್ಲಿ ಕೇಳಿದ ಹುಡುಗಿ, ಹದಿಮೂರಕ್ಕೆ ಕೇಳುವುದು ಒಂದೇ ಪ್ರಶ್ನೆ, “ಇದು ಪರೀಕ್ಷಾಕ್ಕ ಬರತೈತೇನ್ರಿ?”

“ಬೀಜ ಮೊಳಕೆ ಒಡೀಬೇಕಂದ್ರ ಬಿಸಿಲು ಬೇಕೋ, ಬ್ಯಾಡೋ?” ನಾಲ್ಕನೇ ತರಗತಿಯಲ್ಲಿ ಇದನ್ನು ಕೇಳಿದರೆ ಹೆಚ್ಚಿನ ಕೈಗಳು ‘ಬೇಕು’ ಎಂದೇ ಮೇಲೇಳುತ್ತವೆ. ಸೂರ್ಯನಿಲ್ಲದೆ ಏನೂ ಬೆಳೆಯುವುದಿಲ್ಲ ಎಂದು ನಾವೇ ಹೇಳಿಕೊಟ್ಟಿದ್ದೇವಲ್ಲ. ಉತ್ತರ ಹೇಳದೆ ಎರಡು ಡಬ್ಬಿ ತರಿಸುತ್ತೇನೆ. ಎರಡಕ್ಕೂ ಒಂದಿಷ್ಟು ಮಣ್ಣು, ಹೆಸರುಕಾಳು. ಒಂದು ಕಿಟಕಿಯ ಮೇಲೆ, ಇನ್ನೊಂದು ಕಪಾಟಿನೊಳಗೆ. ಎರಡಕ್ಕೂ ಒಂದೊಂದು ಗುಂಪಿನ ಕಾವಲು. ಈ ಹೊತ್ತಿಗೆ ಯಾವುದಾದರೂ ಹುಡುಗಿ ಎದ್ದು ನಿಲ್ಲುವುದುಂಟು: “ನಮ್ಮವ್ವ ಕಾಳು ಅರಿವ್ಯಾಗ ಕಟ್ಟಿ ಇಡತಾಳ್ರಿ. ಅದರಾಗ ಬಿಸಲ ಎಲ್ಲಿ ಬರತೈತ್ರಿ?” ಮೊಳಕೆಕಾಳಿನ ಪಲ್ಯ ಉಂಡವರೇ ಎಲ್ಲರೂ. ಆದರೆ ಅಡುಗೆಮನೆಯಲ್ಲಿ ಕಂಡದ್ದನ್ನು ತರಗತಿಯ ವಾದಕ್ಕೆ ಸಾಕ್ಷಿಯಾಗಿ ತಂದವಳು ಅವಳೊಬ್ಬಳು. ಅವತ್ತಿನ ಪಾಠ ಅಲ್ಲಿಗೇ ಸಾರ್ಥಕ.

ಎರಡೂ ಡಬ್ಬಿಗಳಲ್ಲಿ ಮೊಳಕೆ ಬರುತ್ತದೆ. ಬಿಸಿಲು ಬೇಕು ಎಂದವರ ಮುಖ ಸಪ್ಪಗಾಗುತ್ತದೆ. ನಾಲ್ಕೈದು ದಿನ ಕಳೆದರೆ ಇನ್ನೊಂದು ತಮಾಷೆ. ಕಪಾಟಿನ ಸಸಿಗಳು ಕಿಟಕಿಯವಕ್ಕಿಂತ ಎತ್ತರ! “ನಾವ ಗೆದ್ವಿ” ಎಂದು ಒಂದು ಗುಂಪು ಕುಣಿದರೆ, “ಅವ್ರು ನೀರ ಜಾಸ್ತಿ ಹಾಕ್ಯಾರ್ರಿ, ಇದು ಮೋಸ” ಎಂದು ಇನ್ನೊಂದು ಗುಂಪು ಜಗಳಕ್ಕೆ ಬರುತ್ತದೆ. ನನಗೆ ಬೇಕಾದದ್ದು ಈ ಜಗಳವೇ. ಬೆಳಕೊಂದನ್ನು ಬಿಟ್ಟು ಉಳಿದದ್ದೆಲ್ಲ ಎರಡೂ ಕಡೆ ಸಮ ಇದ್ದರೆ ಮಾತ್ರ ಬೆಳಕಿನ ಬಗ್ಗೆ ಏನಾದರೂ ಹೇಳಬಹುದು ಎನ್ನುವುದು ಪ್ರಯೋಗಶಾಸ್ತ್ರದ ಮೊದಲ ನಿಯಮ. ಗೋಲಿಯಾಟದಲ್ಲಿ ಗೆರೆ ದಾಟಿದವನನ್ನು ಹಿಡಿದು ನಿಲ್ಲಿಸುವ ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮರುದಿನದಿಂದ ನೀರನ್ನು ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಹಾಕುತ್ತಾರೆ. ಸಸಿಗಳ ಪಕ್ಕ ಸ್ಕೇಲು ನಿಲ್ಲಿಸಿ ಎತ್ತರ ಬರೆದುಕೊಳ್ಳುತ್ತಾರೆ. ಸ್ಕೇಲಿನಲ್ಲಿ ಸೊನ್ನೆ ಅಂಚಿನಿಂದ ಸ್ವಲ್ಪ ಒಳಗಿದೆ ಎಂಬುದು ಗಣಿತದ ಪಿರಿಯಡ್ಡಿನಲ್ಲಿ ಹೊಳೆಯದವರಿಗೂ ಇಲ್ಲಿ ಹೊಳೆಯುತ್ತದೆ.

ಇನ್ನೊಂದು ವಾರಕ್ಕೆ ಕತ್ತಲ ಸಸಿಗಳು ಹಳದಿಯಾಗಿ, ಬಳುಕಿ, ಮಲಗಿಬಿಡುತ್ತವೆ. ಬೀಜದೊಳಗಿನ ಬುತ್ತಿ ಇರುವಷ್ಟು ದಿನ ಬೆಳಕು ಹುಡುಕಿಕೊಂಡು ಉದ್ದಕ್ಕೆ ಚಾಚಿದ್ದವು, ಹಸಿರು ಬಾರದೆ ಸ್ವಂತ ಅನ್ನ ತಯಾರಿಸಲಾಗಲಿಲ್ಲ, ಬುತ್ತಿ ತೀರಿತು. ಮೊಳಕೆಗೆ ಬಿಸಿಲು ಬೇಡ, ಬದುಕಿಗೆ ಬೇಕು. ಮೊದಲ ದಿನವೇ ಹಲಗೆಯ ಮೇಲೆ ಈ ವಾಕ್ಯ ಬರೆಸಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು, ನಿಜ. ಆಗ ಮಕ್ಕಳಿಗೆ ಉತ್ತರ ಒಂದು ಸಿಗುತ್ತಿತ್ತು. ನೋಡುತ್ತಾ ಹೋದ ಹಾಗೆ ಅಭಿಪ್ರಾಯ ಎರಡು ಸಲ ಬದಲಾದ ಅನುಭವ ಸಿಗುತ್ತಿರಲಿಲ್ಲ.

ಮರದ ಮೈ ಎಲ್ಲಿಂದ ಬರುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ಮಕ್ಕಳು ‘ಮಣ್ಣಿನಿಂದ’ ಅನ್ನುತ್ತಾರೆ. ಪದವಿ ಪಡೆದವರಲ್ಲೂ ಅನೇಕರದು ಅದೇ ಉತ್ತರ. ಹದಿನೇಳನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬಾತ ಸುಮಾರು 90 ಕಿಲೊ ಒಣಮಣ್ಣು ತೂಗಿ ಕುಂಡಕ್ಕೆ ಹಾಕಿ, ಅದರಲ್ಲಿ ನೀರವಂಜಿ ಜಾತಿಯ ಗಿಡವೊಂದನ್ನು ನೆಟ್ಟು, ಐದು ವರ್ಷ ನೀರು ಹೊಯ್ದ. ಗಿಡದ ತೂಕ ಸುಮಾರು 74 ಕಿಲೊ ಏರಿತು; ಮಣ್ಣು ಕಡಿಮೆಯಾದದ್ದು 60 ಗ್ರಾಮಿಗೂ ಕಡಿಮೆ. ಹಾಗಾದರೆ ಎಲ್ಲವೂ ನೀರಿನಿಂದಲೇ ಬಂತು ಎಂದು ಆತ ತೀರ್ಮಾನಿಸಿದ. ಅದೂ ಪೂರ್ತಿ ಸರಿಯಲ್ಲ, ಗಾಳಿಯ ಪಾಲು ತಿಳಿಯಲು ಮುಂದಿನ ಶತಮಾನ ಬರಬೇಕಾಯಿತು. ಐದನೇ ತರಗತಿಯಲ್ಲಿ ಈ ಕತೆ ಹೇಳಿದಾಗ ಮಕ್ಕಳಿಗೆ ಇಷ್ಟವಾಗುವುದು ಆ ಕೊನೆಯ ಭಾಗವೇ. ಅಷ್ಟು ದೊಡ್ಡ ಮನುಷ್ಯನ ಉತ್ತರವನ್ನೂ ತಿದ್ದಬಹುದು ಎನ್ನುವುದು ಅವರಿಗೆ ಹಬ್ಬ.

ಖರ್ಚಿನ ಮಾತು ಬಂದೇ ಬರುತ್ತದೆ. ಆದರೆ ಬೇಕಾದ ಸಾಮಾನು ಮನೆಯಲ್ಲೇ ಇರುತ್ತದೆ. ಆರತಿಗೆ ಅರಿಶಿನ, ಸುಣ್ಣ ಕಲಸಿ ಕೆಂಪು ನೀರು ಮಾಡುವುದು ಪ್ರತಿ ಮನೆಯಲ್ಲೂ ಗೊತ್ತು. ಆ ಕೆಂಪಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಆಮ್ಲ, ಪ್ರತ್ಯಾಮ್ಲ ಎಂಬ ಪದಗಳು ಆಮೇಲೆ ಬಂದರೂ ಆದೀತು. ಸುಣ್ಣದ ನೀರು ಸವರಿದ ಕೈಯಿಂದ ಅರಿಶಿನ ಮುಟ್ಟಿ ‘ರಕ್ತ’ ತರಿಸುವವರ ಆಟ ಈ ಮಕ್ಕಳ ಮುಂದೆ ನಡೆಯುವುದಿಲ್ಲ.

ಹಾಗೆಯೇ ನೆರಳು. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣಕ್ಕಿದೆ. ಆದ್ದರಿಂದ ಬೀದರಿನಿಂದ ಚಾಮರಾಜನಗರದವರೆಗೆ ಪ್ರತಿ ಊರಿನಲ್ಲೂ ವರ್ಷಕ್ಕೆರಡು ಸಲ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಂತು, ನೆಟ್ಟಗೆ ನೆಟ್ಟ ಕೋಲಿನ ನೆರಳು ಬುಡದಲ್ಲೇ ಮಾಯವಾಗುತ್ತದೆ. ದೆಹಲಿಯ ಮಕ್ಕಳಿಗೆ ಈ ಭಾಗ್ಯವಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು. ನಮ್ಮ ಹಾವೇರಿಯಲ್ಲಿ ಏಪ್ರಿಲ್ ಮುಗಿದು ಮೇ ಶುರುವಾಗುವ ಆಸುಪಾಸು ಮತ್ತು ಆಗಸ್ಟ್ ಎರಡನೇ ವಾರ, ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ. ಮೊದಲನೆಯದು ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ, ಎರಡನೆಯದಕ್ಕೆ ಮಳೆಮೋಡ ಅಡ್ಡ. ಆದರೂ ಮೋಡ ಸರಿದ ಐದು ನಿಮಿಷಕ್ಕಾಗಿ ಬಿಸಿಯೂಟದ ತಟ್ಟೆ ಬಿಟ್ಟು ಓಡಿಬರುವ ಮಕ್ಕಳನ್ನು ನೋಡಬೇಕು.

ಇದೆಲ್ಲ ಯಾಕೆ ಮುಖ್ಯ? 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ. ಮಂಗಳೂರು, ಕೊಡಗಿನ ಕಡೆ ಜನ ಆಕಾಶದಲ್ಲಿ ಬೆಂಕಿಯ ಬಳೆ ಕಂಡರು. ಅದೇ ದಿನ ಕಲಬುರಗಿ ಸಮೀಪದ ಹಳ್ಳಿಯೊಂದರಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ತಂದೆತಾಯಿ ಕ್ರೂರಿಗಳಲ್ಲ; ಮಗುವಿನ ಮೇಲಿನ ಆಸೆಯಿಂದಲೇ ಮಾಡಿದ್ದು. ಆದರೆ ಇದರಿಂದ ಯಾರಿಗೆ ಗುಣವಾಯಿತು, ಕಂಡವರು ಯಾರು ಎಂದು ಕೇಳುವ ರೂಢಿ ಊರಿನಲ್ಲಿ ಇರಲಿಲ್ಲ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕನ ಮೂಲಭೂತ ಕರ್ತವ್ಯ ಎಂದು ಸಂವಿಧಾನಕ್ಕೆ 1976ರಲ್ಲೇ ಸೇರಿಸಿದೆವು. ಕರ್ತವ್ಯವನ್ನು ಬರೆದಿಟ್ಟರೆ ರೂಢಿಯಾಗುವುದಿಲ್ಲ. ಚೆಂಡು, ಟಾರ್ಚು ಹಿಡಿದು ತರಗತಿಯ ಗೋಡೆಯ ಮೇಲೆ ತಾನೇ ಗ್ರಹಣ ಮಾಡಿದ ಮಗುವಿಗೆ ರಾಹುಕೇತುವಿನ ಕತೆ ಕತೆಯಾಗಿ ಉಳಿಯುತ್ತದೆ, ಭಯವಾಗಿ ಅಲ್ಲ.

“ಓದೋಕೆ, ಬರೆಯೋಕೆ, ಕಳೆಯೋ ಲೆಕ್ಕಕ್ಕೇ ತಿಣುಕುವ ಮಕ್ಕಳಿಗೆ ವಿಜ್ಞಾನ ಯಾಕ್ರೀ?” ಎಂದು ಕೇಳುವ ಸಹೋದ್ಯೋಗಿಗಳಿದ್ದಾರೆ. 2021ರಲ್ಲಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಬಂದ ಮೇಲೆ ಒತ್ತೆಲ್ಲ ಬುನಾದಿ ಓದು, ಲೆಕ್ಕದ ಮೇಲೆ. ಅದು ಬೇಕೇ ಬೇಕು, ಜಗಳವಿಲ್ಲ. ಆದರೆ ‘ನನ್ನ ಶಾಲೆ’ ಎಂದು ಪ್ರಬಂಧ ಬರೆ ಎಂದರೆ ಮೂರು ಸಾಲಿಗೆ ಪೆನ್ಸಿಲ್ ಕಚ್ಚುವ ಹುಡುಗ, ತನ್ನ ಡಬ್ಬಿಯ ಸಸಿ ಯಾಕೆ ಸತ್ತಿತು ಎಂದು ಪುಟ ತುಂಬಾ ಬರೆಯುತ್ತಾನೆ. ಕಾಗುಣಿತ ತಪ್ಪಿರುತ್ತದೆ, ತಿದ್ದೋಣ. ಹೇಳಲು ಏನಾದರೂ ಇದ್ದರೆ ತಾನೇ ಬರವಣಿಗೆ?

ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಹದಿನಾರು ಶಾಲೆಗಳಿಂದ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಇಂಥದ್ದನ್ನು ಆರರಿಂದ ಎಂಟನೇ ತರಗತಿಯಲ್ಲಿ ಮಾಡಿ ತೋರಿಸಿತು. ಅಗ್ಗದ ಸಾಮಾನು, ಮಕ್ಕಳ ಕೈಯಲ್ಲೇ ಪ್ರಯೋಗ, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ. ಮೂವತ್ತು ವರ್ಷ ನಡೆದು, 2002ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ನಮ್ಮಲ್ಲೇ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ಕಲಿಕಾ ಪದ್ಧತಿ ರಾಜ್ಯಕ್ಕೆಲ್ಲ ಹಬ್ಬಿತು. ಶಿಕ್ಷಕರನ್ನು ನಂಬಿ ಬಿಟ್ಟರೆ ದಾರಿ ಸಿಗುತ್ತದೆ ಎಂಬುದಕ್ಕೆ ಇವು ಸಾಕು. ಅಡ್ಡ ಬರುವುದು ಪ್ರಯೋಗಾಲಯ ಇಲ್ಲದಿರುವುದಲ್ಲ. ಎರಡು ತರಗತಿಗೆ ಒಬ್ಬರೇ ಶಿಕ್ಷಕರು, ತುಂಬಬೇಕಾದ ದಾಖಲೆಗಳು, ಭೇಟಿಗೆ ಬಂದವರು ಮೊದಲು ಕೇಳುವ ಪ್ರಶ್ನೋತ್ತರದ ನೋಟ್‌ಬುಕ್ಕು.

ಎಸ್‌ಡಿಎಂಸಿ ಸಭೆಗೆ ಹೋಗುವ ತಂದೆತಾಯಂದಿರಿಗೆ ನನ್ನದೊಂದು ಕೋರಿಕೆ. ಮುಂದಿನ ಸಲ ಅಂಕಪಟ್ಟಿಯ ಜೊತೆಗೆ ಮಕ್ಕಳು ಸ್ವತಃ ಅಳೆದು ಬರೆದ ಒಂದು ಪುಟವನ್ನೂ ತೋರಿಸಿ ಎಂದು ಶಿಕ್ಷಕರನ್ನು ಕೇಳಿ. ಒಂದು ತಕ್ಕಡಿ, ನಾಲ್ಕು ಭೂತಗನ್ನಡಿ, ಒಂದು ಉಷ್ಣಮಾಪಕ ಕೊಡಿಸಿ. ಮನೆಯಲ್ಲಿ ಮಗು ಅರಿಶಿನದ ಡಬ್ಬಿ ಖಾಲಿ ಮಾಡಿದರೆ, ಬಯ್ಯುವ ಮೊದಲು ಏನು ಕಂಡೆ ಎಂದು ಕೇಳಿ.