ಫಲಕ ಸಿದ್ಧವಾಯಿತು, ಉಳಿದ ದ್ರಾವಣ ಎಲ್ಲಿಗೆ?

ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳನ್ನು ಜೋಡಿಸುವ ಮುದ್ರಿತ ಮಂಡಲ ಫಲಕವನ್ನು, ಅಂದರೆ ಪಿಸಿಬಿಯನ್ನು, ಮನೆಯಲ್ಲಿಯೇ ತಯಾರಿಸಬಹುದು. ವಿದ್ಯಾರ್ಥಿಗಳಿಗೂ ಹವ್ಯಾಸಿಗಳಿಗೂ ಇದು ಅಗ್ಗದ ದಾರಿ. ಆದರೆ ಕೆಲಸ ಮುಗಿದ ಬಳಿಕ ಉಳಿಯುವ ದ್ರಾವಣವನ್ನು ಚರಂಡಿಗೆ ಚೆಲ್ಲುವಂತಿಲ್ಲ. ಭೀಮಾ ದಂಡೆಯ ಯಾದಗಿರಿಯಲ್ಲಾಗಲಿ, ಕೃಷ್ಣಾ-ಭೀಮಾ ನದಿಗಳ ನಡುವಿನ ಶಹಾಪುರ, ಸುರಪುರಗಳಲ್ಲಾಗಲಿ, ನೆಲಕ್ಕೆ ಸುರಿದದ್ದು ಕೊನೆಗೆ ಸೇರುವುದು ಬಾವಿ, ಹಳ್ಳ, ನದಿಗಳನ್ನೇ.

ವಿಧಾನ ಸರಳ. ತಾಮ್ರದ ತೆಳುಪದರವಿರುವ ಹಲಗೆಯ ಮೇಲೆ ಬೇಕಾದ ಗೆರೆಗಳನ್ನು ಅಳಿಸಲಾಗದ ಮಾರ್ಕರ್‌ನಿಂದ ಬರೆಯಲಾಗುತ್ತದೆ. ಇಲ್ಲವೇ ಲೇಸರ್ ಪ್ರಿಂಟರ್‌ನಲ್ಲಿ ಮುದ್ರಿಸಿದ ಚಿತ್ರವನ್ನು ಇಸ್ತ್ರಿಪೆಟ್ಟಿಗೆಯ ಶಾಖದಿಂದ ಹಲಗೆಗೆ ಅಂಟಿಸಲಾಗುತ್ತದೆ. ಬಳಿಕ ಹಲಗೆಯನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ ಶಾಯಿಯ ಕೆಳಗಿನ ತಾಮ್ರ ಉಳಿದು, ಮಿಕ್ಕದ್ದು ಕರಗುತ್ತದೆ. ಫೆರಿಕ್ ಕ್ಲೋರೈಡ್ ಫೆರಸ್ ಕ್ಲೋರೈಡ್ ಆಗಿ ಬದಲಾಗುತ್ತದೆ. ತಾಮ್ರವು ಕ್ಯೂಪ್ರಿಕ್ ಕ್ಲೋರೈಡ್ ರೂಪದಲ್ಲಿ ದ್ರಾವಣ ಸೇರುತ್ತದೆ. ಕಂದು ದ್ರಾವಣ ಕ್ರಮೇಣ ಹಸಿರು ಛಾಯೆಗೆ ತಿರುಗುವುದು ಇದೇ ಕಾರಣದಿಂದ.

ಹೀಗೆ ಕರಗುವ ತಾಮ್ರ ಎಷ್ಟು? ಪದರದ ದಪ್ಪ ಸಾಮಾನ್ಯವಾಗಿ 35 ಮೈಕ್ರಾನ್. 10 ಸೆಂ.ಮೀ. ಉದ್ದ, ಅಷ್ಟೇ ಅಗಲದ ಹಲಗೆಯ ಒಂದು ಬದಿಯಲ್ಲಿ ಸುಮಾರು 3 ಗ್ರಾಂ ತಾಮ್ರವಿರುತ್ತದೆ. ಅರ್ಧ ಕರಗಿದರೂ ಒಂದೂವರೆ ಗ್ರಾಂ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅಂದರೆ ಆ ಒಂದೂವರೆ ಗ್ರಾಂ ತಾಮ್ರ 30,000 ಲೀಟರ್ ನೀರನ್ನು ಈ ಮಿತಿಗೆ ಮುಟ್ಟಿಸಬಲ್ಲದು. ಬೇರೆ ಜಲಮೂಲವಿಲ್ಲದಾಗ ಅನ್ವಯಿಸುವ 1.5 ಮಿಲಿಗ್ರಾಂ ಮಿತಿಯ ಲೆಕ್ಕದಲ್ಲಿಯೂ ಅದು 1,000 ಲೀಟರಿಗೆ ಸಾಕು. ಮೀನುಗಳಿಗಂತೂ ಅತ್ಯಲ್ಪ ತಾಮ್ರವೂ ಮಾರಕ.

ದ್ರಾವಣವನ್ನು ಪ್ಲಾಸ್ಟಿಕ್ ಇಲ್ಲವೇ ಗಾಜಿನ ಪಾತ್ರೆಯಲ್ಲಿಯೇ ಇಡಬೇಕು. ಅಲ್ಯೂಮಿನಿಯಂ ಪಾತ್ರೆಯಾದರೆ ತೀವ್ರವಾಗಿ ಬಿಸಿಯೇರಿ ತೂತು ಬೀಳುತ್ತದೆ. ಕೈಗವಸು, ಕನ್ನಡಕ ಧರಿಸಿ, ಗಾಳಿಯಾಡುವ ಸ್ಥಳದಲ್ಲಿ ಕೆಲಸ ಮಾಡಬೇಕು. ಪುಡಿಯನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಬೆರೆಸಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು.

ಒಮ್ಮೆ ಬಳಸಿದ ದ್ರಾವಣ ಹಲವು ಹಲಗೆಗಳಿಗೆ ಸಾಕಾಗುತ್ತದೆ. ಶಕ್ತಿಗುಂದಿದಾಗ ವಾಷಿಂಗ್ ಸೋಡಾವನ್ನು ನಿಧಾನವಾಗಿ ಬೆರೆಸಿದರೆ ನೊರೆಯೆದ್ದು ತಾಮ್ರ, ಕಬ್ಬಿಣಗಳು ಕೆಸರಾಗಿ ತಳ ಸೇರುತ್ತವೆ. ಆದರೆ ಆಮ್ಲೀಯತೆ ಹೋದ ಮಾತ್ರಕ್ಕೆ ತಾಮ್ರ ಮಾಯವಾಗುವುದಿಲ್ಲ. ಕೆಸರನ್ನೂ ಉಳಿದ ದ್ರವವನ್ನೂ ಹೆಸರು ಬರೆದ ಡಬ್ಬಿಗಳಲ್ಲಿ ಸಂಗ್ರಹಿಸಿ, ಅಪಾಯಕಾರಿ ತ್ಯಾಜ್ಯ ನಿರ್ವಹಣೆಗೆ ಅನುಮತಿ ಪಡೆದವರಿಗೆ ಒಪ್ಪಿಸುವುದೇ ಸರಿಯಾದ ಮಾರ್ಗ. ಕಾಲೇಜಿನ ಪ್ರಯೋಗಾಲಯವೇ ವಿದ್ಯಾರ್ಥಿಗಳಿಂದ ಇದನ್ನು ಒಟ್ಟುಗೂಡಿಸಿದರೆ ಪ್ರತಿ ಮನೆಯ ಚಿಂತೆ ತಪ್ಪುತ್ತದೆ.