ಟಿಕೆಟ್ ಇಲ್ಲದ ರೇಸ್‌ಗೆ ದುಡ್ಡು ಕೊಡೋರು ಯಾರು? ಯಾರ್ಕ್‌ಶೈರ್ ಜನರ ಅನುಮಾನ

ಕ್ರಿಕೆಟ್ ಮ್ಯಾಚ್ ಅಂದ್ರೆ ಒಂದು ಮೈದಾನ, ಒಂದು ಗೇಟು, ಒಂದು ಟಿಕೆಟ್. ಒಳಗೆ ಹೋಗೋರು ದುಡ್ಡು ಕೊಡ್ತಾರೆ, ಹೋಗದೇ ಇರೋರು ಕೊಡಲ್ಲ. ಆದರೆ ರಸ್ತೆ ಸೈಕಲ್ ರೇಸ್‌ಗೆ ಗೇಟೇ ಇಲ್ಲ. ನೂರಾರು ಕಿಲೋಮೀಟರ್ ಉದ್ದದ ರಸ್ತೆಯೇ ಅದರ ಮೈದಾನ. ಪಕ್ಕದಲ್ಲಿ ನಿಂತೋರು ಪುಕ್ಕಟೆ ನೋಡ್ತಾರೆ. ಹಾಗಾದ್ರೆ ಖರ್ಚು ಯಾರ ತಲೆ ಮೇಲೆ ಬೀಳುತ್ತೆ? ಇಂಗ್ಲೆಂಡ್‌ನ ಯಾರ್ಕ್‌ಶೈರ್‌ನಲ್ಲಿ ಕೆಲವು ಸ್ಥಳೀಯರು ವರ್ಷಗಟ್ಟಲೆ ಕೇಳಿದ ಪ್ರಶ್ನೆ ಇದು. ಇವತ್ತಿನ ಸಂಚಿಕೆಯಲ್ಲಿ ಅವರ ಲೆಕ್ಕಾಚಾರ ಏನು ಅಂತ ನೋಡೋಣ.

ಮೊದಲು ಹಿನ್ನೆಲೆ. 2014ರ ಜುಲೈ 5ರಂದು ಟೂರ್ ಡಿ ಫ್ರಾನ್ಸ್ ಶುರುವಾಗಿದ್ದು ಫ್ರಾನ್ಸ್‌ನಲ್ಲಲ್ಲ, ಯಾರ್ಕ್‌ಶೈರ್‌ನ ಲೀಡ್ಸ್ ನಗರದಲ್ಲಿ. ಎರಡು ದಿನ ಅಲ್ಲಿನ ಬೆಟ್ಟಗುಡ್ಡದ ರಸ್ತೆಗಳ ಇಕ್ಕೆಲದಲ್ಲೂ ಜನಸಾಗರ. ಹಳ್ಳಿಗಳಲ್ಲಿ ಗೋಡೆ ಗೋಡೆಗೂ ಹಳದಿ ಬಣ್ಣ ಬಳಿದ ಹಳೇ ಸೈಕಲ್‌ಗಳು. ಆ ಹುರುಪಿನಲ್ಲೇ ಮುಂದಿನ ವರ್ಷ, ಅಂದ್ರೆ 2015ರಲ್ಲಿ, ಟೂರ್ ಡಿ ಯಾರ್ಕ್‌ಶೈರ್ ಅನ್ನೋ ಸ್ವಂತ ರೇಸ್ ಹುಟ್ಟಿತು. ನಡೆಸಿದವರು ಟೂರ್ ಡಿ ಫ್ರಾನ್ಸ್‌ನ ಆಯೋಜಕ ಸಂಸ್ಥೆ ಮತ್ತು 'ವೆಲ್ಕಮ್ ಟು ಯಾರ್ಕ್‌ಶೈರ್' ಅನ್ನೋ ಪ್ರವಾಸೋದ್ಯಮ ಸಂಸ್ಥೆ. ಮೊದಲು ಮೂರು ದಿನದ ರೇಸ್, 2018ರಿಂದ ನಾಲ್ಕು ದಿನ.

ಈಗ ದಾರಿಯಲ್ಲಿರೋ ಒಂದು ಸಣ್ಣ ಊರಿನ ಅಂಗಡಿಯವರ ಜಾಗದಲ್ಲಿ ನಿಂತು ನೋಡಿ. ರೇಸ್ ಬರೋಕ್ಕೆ ಮುಂಚೆ ಪೊಲೀಸ್ ಬೈಕ್‌ಗಳು ಬಂದು ರಸ್ತೆ ಮುಚ್ತಾವೆ. ಸವಾರರೆಲ್ಲ ಒತ್ತೊತ್ತಾಗಿ ಸಾಗೋ ದೊಡ್ಡ ಗುಂಪಿಗೆ ಪೆಲೊಟಾನ್ ಅಂತಾರೆ. ಅದು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿ ಬರುತ್ತೆ. ನಿಮ್ಮ ಅಂಗಡಿ ಮುಂದೆ ಒಂದು ನಿಮಿಷವೂ ಇರಲ್ಲ. ಹಿಂದಿನ ಕಾರುಗಳು ದಾಟಿದ ಮೇಲೆ ರಸ್ತೆ ಮತ್ತೆ ತೆರೆಯುತ್ತೆ. ಆದರೆ ರೇಸ್ ಮುಗಿಯೋ ಊರಿನ ಕಥೆ ಬೇರೆ. ಅಲ್ಲಿ ಬ್ಯಾರಿಕೇಡ್, ವೇದಿಕೆ, ಟಿವಿ ವಾಹನಗಳು, ಪಾರ್ಕಿಂಗ್ ಬಂದ್. ದಿನದ ಬಹುಪಾಲು ಪೇಟೆಯ ಮಧ್ಯಭಾಗಕ್ಕೆ ಗಾಡಿ ಹೋಗಲ್ಲ. ಕಾಫಿ ಮಾರೋರಿಗೆ ಅದು ಸುಗ್ಗಿ. ಬಡಗಿ ಸಾಮಾನು, ಕನ್ನಡಕ, ಔಷಧಿ ಮಾರೋರಿಗೆ? ಅವರ ಗಿರಾಕಿ ಅವತ್ತು ಪೇಟೆ ಕಡೆ ತಲೆ ಹಾಕಲ್ಲ.

ಹಣದ ವಿಷಯಕ್ಕೆ ಬರೋಣ. ರೇಸ್ ಹೊರಡೋ ಮತ್ತು ಮುಗಿಯೋ ಊರುಗಳ ಆಡಳಿತಗಳು ಆ ಅವಕಾಶಕ್ಕಾಗಿ ದುಡ್ಡು ಕೊಡ್ತವೆ. ಪ್ರವಾಸೋದ್ಯಮ ಸಂಸ್ಥೆ ನಡೆಯುತ್ತಿದ್ದದ್ದೂ ಸ್ಥಳೀಯ ಆಡಳಿತಗಳ ಹಣ ಮತ್ತು ಸದಸ್ಯ ವ್ಯಾಪಾರಿಗಳ ಶುಲ್ಕದಿಂದ. ಇದೇ ಕಾಲದಲ್ಲಿ ಇಂಗ್ಲೆಂಡ್‌ನ ಸ್ಥಳೀಯ ಆಡಳಿತಗಳ ಬಜೆಟ್‌ಗೆ ಕತ್ತರಿ ಬಿದ್ದಿತ್ತು. ನಾರ್ತ್ ಯಾರ್ಕ್‌ಶೈರ್‌ನಲ್ಲಿ 2017ರ ಹೊತ್ತಿಗೆ ಹಲವು ಊರುಗಳ ಗ್ರಂಥಾಲಯ ನಡೆಸೋ ಕೆಲಸ ಸ್ವಯಂಸೇವಕರ ಹೆಗಲಿಗೆ ಬಿತ್ತು. ಲೈಬ್ರರಿಗೆ ಇಲ್ಲದ ದುಡ್ಡು ರೇಸ್‌ಗೆ ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ, ಅದನ್ನ ಸೈಕಲ್ ಮೇಲಿನ ದ್ವೇಷ ಅನ್ನೋಕಾಗಲ್ಲ.

ಇದಕ್ಕೆ ಆಯೋಜಕರ ಉತ್ತರ ಅಂಕಿಗಳಲ್ಲಿತ್ತು. 2018ರ ರೇಸ್‌ಗೆ 26 ಲಕ್ಷ ಪ್ರೇಕ್ಷಕರು, ಊರುಗಳಿಗೆ 9.8 ಕೋಟಿ ಪೌಂಡ್ ಲಾಭ ಅಂತ ಅವರು ಪ್ರಕಟಿಸಿದರು. ಯಾರ್ಕ್‌ಶೈರ್‌ನ ಒಟ್ಟು ಜನಸಂಖ್ಯೆಯೇ ಸುಮಾರು 54 ಲಕ್ಷ. ಅಂದ್ರೆ ಹೆಚ್ಚೂಕಡಿಮೆ ಅರ್ಧದಷ್ಟು! ಟಿಕೆಟ್ ಇಲ್ಲದ ಕಡೆ ತಲೆ ಎಣಿಸೋದು ಹೇಗೆ? ಅಂದಾಜಿನಲ್ಲಿ ಮಾತ್ರ. ಎರಡು ದಿನ ಬಂದ ಒಬ್ಬರು ಎರಡು ಸಲ ಲೆಕ್ಕಕ್ಕೆ ಬರಬಹುದು. ಆ ಲಾಭವನ್ನ ತಲೆಗೆ ಹಂಚಿದ್ರೆ ಒಬ್ಬರಿಗೆ ಸುಮಾರು 38 ಪೌಂಡ್ ಆಗುತ್ತೆ. ಮನೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಮನೆಯದೇ ಚಹಾ ಕುಡೀತಾ ರೇಸ್ ನೋಡಿದ ಅಜ್ಜಿ ಖರ್ಚು ಮಾಡಿದ್ದೆಷ್ಟು?

ಇನ್ನೊಂದು ಸೂಕ್ಷ್ಮ ಇದೆ. ರೇಸ್ ನಡೀತಿದ್ದದ್ದು ಮೇ ಮೊದಲ ಸೋಮವಾರದ ರಜೆಗೆ ಹೊಂದಿಕೊಂಡ ವಾರಾಂತ್ಯದಲ್ಲಿ. ಪ್ರವಾಸಿಗರು ಹೇಗೂ ಬರೋ ದಿನಗಳವು. ಹಾಗಾಗಿ ಅವತ್ತು ಎಷ್ಟು ಖರ್ಚಾಯ್ತು ಅಂತ ಕೇಳಿದ್ರೆ ಸಾಲದು. ರೇಸ್ ಇಲ್ಲದಿದ್ದರೆ ಆಗದೇ ಇದ್ದ ಖರ್ಚು ಎಷ್ಟು ಅಂತ ಕೇಳಬೇಕು. ಸಂಶಯಪಡೋರ ವಾದದ ತಿರುಳೇ ಇದು.

2019ರ ಸೆಪ್ಟೆಂಬರ್‌ನಲ್ಲಿ ಈ ಸಿಟ್ಟು ಜೋರಾಯ್ತು. ರಸ್ತೆ ಸೈಕಲ್ ವಿಶ್ವ ಚಾಂಪಿಯನ್‌ಶಿಪ್ ಯಾರ್ಕ್‌ಶೈರ್‌ಗೇ ಬಂತು, ಹ್ಯಾರೊಗೇಟ್ ಪಟ್ಟಣ ಅದರ ಕೇಂದ್ರ. ಆ ಊರಿನ ಮಧ್ಯೆ 'ಸ್ಟ್ರೇ' ಅನ್ನೋ 200 ಎಕರೆ ಹುಲ್ಲುಗಾವಲಿದೆ. 18ನೇ ಶತಮಾನದಿಂದ ಕಾನೂನಿನ ರಕ್ಷಣೆ ಇರೋ ಜಾಗ. ಅಲ್ಲೇ ಅಭಿಮಾನಿಗಳ ವಲಯ ಹಾಕಿದ್ರು. ಮಳೆ ಎಡೆಬಿಡದೆ ಸುರೀತು. ಪುರುಷರ ಮುಖ್ಯ ರೇಸ್‌ನ ದೂರವನ್ನೇ ಕಡಿಮೆ ಮಾಡಬೇಕಾಯ್ತು. ಹುಲ್ಲುಗಾವಲು ಕೆಸರುಗದ್ದೆ ಆಯ್ತು. ಅದನ್ನ ಸರಿಪಡಿಸೋಕೆ ಸುಮಾರು 1.3 ಲಕ್ಷ ಪೌಂಡ್ ಬೇಕಾಯ್ತು. ವ್ಯಾಪಾರ ಬಿದ್ದುಹೋಯ್ತು ಅಂತ ಹಲವು ಅಂಗಡಿಯವರು ದೂರಿದರು. ಜಗತ್ತಿನ ಟಿವಿಗಳಲ್ಲಿ ಊರು ಕಂಡಿದ್ದು ನಿಜ. ಆದರೆ ಕೆಸರು ಉಳಿದಿದ್ದು ಊರಿನವರಿಗೆ.

ಹಾಗಂತ ಇನ್ನೊಂದು ಮಗ್ಗುಲು ಇಲ್ಲ ಅಂತಲ್ಲ. ವಿಶ್ವದರ್ಜೆಯ ಆಟಗಾರರನ್ನ ಮಕ್ಕಳು ಕೈಯಳತೆ ದೂರದಲ್ಲಿ, ಕಾಸಿಲ್ಲದೆ ನೋಡೋದು ಬೇರೆ ಯಾವ ಆಟದಲ್ಲಿ ಸಾಧ್ಯ? 2016ರಲ್ಲಿ ಇಲ್ಲಿನ ಮಹಿಳೆಯರ ರೇಸ್‌ಗೆ 50,000 ಪೌಂಡ್ ಬಹುಮಾನ ಇತ್ತು, ಅದು ಪುರುಷರ ರೇಸ್‌ಗಿಂತ ಹೆಚ್ಚು. 2017ರಲ್ಲಿ ಅದನ್ನ ಗೆದ್ದವರು ಅಲ್ಲಿನ ಓಟ್ಲಿ ಊರಿನ ಹುಡುಗಿ ಲಿಝಿ ಡೈಗ್ನನ್. ಇಂಥ ಹೆಮ್ಮೆಗೆ ಬೆಲೆ ಕಟ್ಟೋದು ಕಷ್ಟ. ಸಂಶಯಪಡೋರೂ ಇದನ್ನ ಅಲ್ಲಗಳೆಯಬೇಕಿಲ್ಲ. ಹೆಮ್ಮೆಗೆ ಖರ್ಚು ಮಾಡೋದಾದ್ರೆ ಹೆಮ್ಮೆಗೆ ಅಂತಲೇ ಹೇಳಿ, ಅದನ್ನ ಲಾಭ ಅಂತ ತೋರಿಸಬೇಡಿ, ಅಷ್ಟೇ.

ಕೊನೆಗೆ ಏನಾಯ್ತು? 2019ರ ಮಾರ್ಚ್‌ನಲ್ಲಿ ಪ್ರವಾಸೋದ್ಯಮ ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು, ಸಂಸ್ಥೆಯ ಖರ್ಚುವೆಚ್ಚದ ಬಗ್ಗೆ ಪ್ರಶ್ನೆಗಳೆದ್ದವು. 2020 ಮತ್ತು 2021ರ ರೇಸ್‌ಗಳನ್ನ ಕೋವಿಡ್ ನುಂಗಿತು. 2022ರದ್ದೂ ರದ್ದಾಯ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಸಂಸ್ಥೆಯೇ ದಿವಾಳಿ ಪ್ರಕ್ರಿಯೆಗೆ ಹೋಯ್ತು. 2019ರ ಮೇ ನಂತರ ಟೂರ್ ಡಿ ಯಾರ್ಕ್‌ಶೈರ್ ನಡೆದೇ ಇಲ್ಲ.

ಇದರಿಂದ ನಾವು ಇಟ್ಟುಕೊಳ್ಳಬಹುದಾದ ಪ್ರಶ್ನೆ ಮೂರು. ಒಟ್ಟು ಖರ್ಚಿನಲ್ಲಿ ತೆರಿಗೆ ಹಣ ಎಷ್ಟು? ಲಾಭದ ಅಂಕಿಯನ್ನ ಲೆಕ್ಕ ಹಾಕಿದ್ದು ಯಾರು, ಆಯೋಜಕರೋ ಹೊರಗಿನವರೋ? ನಷ್ಟ ಆದ ಅಂಗಡಿಯವರ ಮಾತನ್ನ ಮೊದಲೇ ಕೇಳಿದ್ರಾ? ಮ್ಯಾರಥಾನ್ ಆಗಲಿ, ಸೈಕಲ್ ರೇಸ್ ಆಗಲಿ, ರಸ್ತೆ ಮುಚ್ಚಿ ನಡೆಯೋ ಯಾವುದಕ್ಕಾದರೂ ಇವು ಅನ್ವಯ ಆಗ್ತವೆ. ನಿಮ್ಮೂರಲ್ಲಿ ಹೀಗೇನಾದ್ರೂ ಆಗಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀವಿ.